ಆಯ್ಕೆಯಾಗದ ಮಕ್ಕಳು ಸಂಜೆ ಎಲ್ಲಿಗೆ ಹೋಗಬೇಕು?

(ಕುಂಬಳೆ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಜೂನ್ 26 ಬಂದರೆ ನಮ್ಮ ಶಾಲೆಗಳಲ್ಲಿ ಮಾದಕ ವಸ್ತು ವಿರೋಧಿ ಪ್ರತಿಜ್ಞೆ, ಜಾಥಾ, ಪೋಸ್ಟರ್ ಸ್ಪರ್ಧೆ ಎಲ್ಲ ಉಂಟು. ಬೇಡ ಅಂತ ನಾವು ಹೇಳುವುದಿಲ್ಲ. ಆದರೆ ಎಂಡಿಎಂಎ ಮಾರುವವನು ಬರುವುದು ಶಾಲೆ ಬಿಟ್ಟ ಮೇಲೆ. ಮೊದಲು ಗೆಳೆತನ ಮಾಡ್ತಾನೆ, ಬೈಕಿನಲ್ಲಿ ಕೂರಿಸ್ತಾನೆ. ಆಮೇಲೆ "ನಿನ್ನ ಎಟಿಎಂ ಕಾರ್ಡ್ ಸ್ವಲ್ಪ ದಿನ ಕೊಡು" ಅಂತಾನೆ. ಬ್ಯಾಂಕಿನಲ್ಲಿ ಕೂರುವ ನಾವು ಇದನ್ನು ಹೇಳಲೇಬೇಕು: ಖಾತೆ ಬಾಡಿಗೆಗೆ ಕೊಟ್ಟವನೂ ಕೇಸಿನಲ್ಲಿ ಸಿಕ್ಕಿಬೀಳ್ತಾನೆ.

ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಎಂತ ಉಂಟು? 2010ರಲ್ಲಿ ಕೇರಳದಲ್ಲೇ ಶುರುವಾದ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಒಳ್ಳೆಯ ಯೋಜನೆ. ಆದರೆ ಒಂದು ಬ್ಯಾಚಿಗೆ 44 ಮಕ್ಕಳು, ಅದೂ ಆಯ್ಕೆಯಾದವರು. ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಉಂಟು. ಪಾರ್ತಿಸುಬ್ಬನ ಊರಿನವರಾದ ನಮಗೆ ಅದು ಹೆಮ್ಮೆ. ಅಲ್ಲಿಯೂ ಚೆನ್ನಾಗಿ ಕುಣಿಯುವವರನ್ನೇ ಆರಿಸ್ತೇವೆ. ಎ ಗ್ರೇಡ್ ಬೇಕಲ್ಲ! ಸ್ಪರ್ಧೆ ಮುಗಿದ ಮರುದಿನ ಚೆಂಡೆ ಕಪಾಟಿಗೆ. ಆಯ್ಕೆಯಾಗದ ಹುಡುಗ ಎಲ್ಲಿಗೆ ಹೋಗಬೇಕು? ಬೈಕಿನವನ ಹತ್ತಿರ ಆಯ್ಕೆ ಪರೀಕ್ಷೆ ಇಲ್ಲ.

ಯಕ್ಷಗಾನದಲ್ಲಿ ಕುಣಿಯುವುದೊಂದೇ ಕೆಲಸವಾ? ಚಕ್ರತಾಳ ಹಿಡಿಯಬೇಕು, ವೇಷ ಕಟ್ಟಲು ಕೈಜೋಡಿಸಬೇಕು, ಪರದೆ ಹಿಡಿಯಬೇಕು, ಸಾಮಾನು ಲೆಕ್ಕ ಇಡಬೇಕು. ಹೆಜ್ಜೆ ತಪ್ಪುವವನಿಗೂ ಚೌಕಿಯಲ್ಲಿ ಕೆಲಸ ಉಂಟು. ಸ್ಪರ್ಧೆಯ ತಂಡ ಬೇರೆ ಇರಲಿ. ಶನಿವಾರ ಸಂಜೆಯ ತರಗತಿಗೆ ಬಂದವರೆಲ್ಲ ಒಳಗೆ. ಹುಡುಗಿಯರೂ.

ಇನ್ನೊಂದು ವಿಷಯ. ಮಲಯಾಳದಲ್ಲಿ ನಡೆಸುವ ಜಾಗೃತಿ ತರಗತಿ ನಮ್ಮ ಮಕ್ಕಳಿಗೆ ಹೆಚ್ಚುಕಡಿಮೆ ಅರ್ಥವಾಗ್ತದೆ. ಆದರೆ "ಅಣ್ಣ, ನಾನೊಮ್ಮೆ ತೆಗೊಂಡೆ, ಈಗ ಹೆದರಿಕೆ ಆಗ್ತದೆ" ಅಂತ ಹೇಳಲಿಕ್ಕೆ ಕನ್ನಡವೋ ತುಳುವೋ, ಮನೆಯ ಮಾತೇ ಬೇಕು. ಅದನ್ನು ಕೇಳಲು ನಾವಿರಬೇಕು. ಆರು ಜನ ಸಾಕು, ತಪ್ಪದೆ ಬರುವವರು. ವಾರ ವಾರ ಮುಖ ಬದಲಾದರೆ ಮಕ್ಕಳು ಬಾಯಿ ಬಿಡುವುದಿಲ್ಲ. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಆ ಎರಡು ದಿನ ಬ್ಯಾಂಕಿನವರ ಪಾಲಿಗೆ.

ಹುಡುಗ ಎರಡು ವಾರ ಕಾಣದಿದ್ದರೆ ಮನೆಗೆ ಹೋಗಿ ವಿಚಾರಿಸುವ. ಚಟ ಹತ್ತಿದೆ ಅಂತ ಗೊತ್ತಾದರೆ ಹೊರಗೆ ಹಾಕುವುದು ಬೇಡ, ವಾಟ್ಸಾಪಿನಲ್ಲಿ ಹಂಚುವುದಂತೂ ಬೇಡವೇ ಬೇಡ. ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯ 14405ಕ್ಕೆ ಫೋನ್ ಮಾಡಿ, ಮನೆಯವರ ಜೊತೆ ನಾವೂ ಹೋಗುವ.

ಚೆಂಡೆಯ ಹೊದಿಕೆ ಬದಲಿಸಬೇಕಾಗಿದೆ. ಖರ್ಚಿಗೆ ಎಷ್ಟು ಕೊಡ್ತೀರಿ, ಯಾವ ಶನಿವಾರ ಬರ್ತೀರಿ, ಊಟಕ್ಕೆ ಏಳುವ ಮೊದಲು ಪುಸ್ತಕದಲ್ಲಿ ಬರೆಸಿ.