ಬೀಳಲು ಒಪ್ಪದ ಜೊತೆಗಾರ

ಕಾರಹುಣ್ಣಿಮೆಯ ಹೊತ್ತಿಗೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುತ್ತವೆ, ಪೈಲ್ವಾನರು ಕುಸ್ತಿಗಿಳಿಯುತ್ತಾರೆ. ಕಣದಲ್ಲಿ ಕಾಣುವ ಪಟ್ಟು ಬರೀ ದಂಡ, ಬಸ್ಕಿ ಹೊಡೆದರೆ ಬರುವುದಿಲ್ಲ. ಗರಡಿಯ ಕೆಮ್ಮಣ್ಣಿನಲ್ಲಿ, ಬೀಳಲು ಒಪ್ಪದ ಜೊತೆಗಾರನ ಮೇಲೆ ಅದನ್ನು ದಿನವೂ ಹಾಕಿ ನೋಡಬೇಕು. ಅವನು ಜಾರುತ್ತಾನೆ, ತಿರುಗಿ ಹಿಡಿಯುತ್ತಾನೆ. ನಿಜವಾದ ಕಲಿಕೆ ಅಲ್ಲೇ. ಬೇರೆ ನಾಡುಗಳಲ್ಲೂ ಇದೇ ಮಾತು. ಚೀನಾದ ಕುಂಗ್‌ಫೂನಲ್ಲಿ ಒಬ್ಬರೇ ಮಾಡುವ ಚಂದದ ವರಸೆಗಳಿವೆ. ಆದರೆ ಅದರಿಂದ ಬೆಳೆದ ಸಾಂಡಾ ಎಂಬ ಕಲೆಯಲ್ಲಿ ಗ್ಲೌಸ್ ತೊಟ್ಟು ಎದುರುಬದುರು ಸೆಣಸುತ್ತಾರೆ. 1882ರಲ್ಲಿ ಜಪಾನಿನ ಜಿಗೊರೊ ಕಾನೊ ಕಟ್ಟಿದ ಜೂಡೊ ಶಾಲೆಯೂ ಇಂಥ ಮುಕ್ತ ಸೆಣಸಾಟಕ್ಕೇ ಒತ್ತು ಕೊಟ್ಟಿತು. ದೇವದುರ್ಗ, ಮಾನ್ವಿಯ ತಂದೆ-ತಾಯಂದಿರೇ, ಮಕ್ಕಳನ್ನು ಕರಾಟೆಗೋ ಕುಸ್ತಿಗೋ ಸೇರಿಸುವ ಮುನ್ನ ಬೆಲ್ಟಿನ ಬಣ್ಣ ವಿಚಾರಿಸಬೇಡಿ. ಜೋಡಿ ಅಭ್ಯಾಸ ಎಷ್ಟಿದೆ, ಪೆಟ್ಟಾಗದಂತೆ ನೋಡಿಕೊಳ್ಳುವ ಗುರು ಇದ್ದಾರೆಯೇ ಎಂದು ಕೇಳಿ.