ಚಾರ್ಜ್‌ಶೀಟ್ ಬಂತು, ಕೇಸ್ ಶುರುವಾಯ್ತಾ? ನಡುವಿನ ದಿನಗಳ ಲೆಕ್ಕ

ಲೋಧಿ ಕಾಲೋನಿಯಲ್ಲಿ ಚಿತ್ರೀಕರಿಸಿದ ಮಾತಿನ ಬರಹ ರೂಪ. ಆಡುಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.

ನೋಯ್ಡಾ, ಗುರುಗ್ರಾಮದಿಂದ ಭಾನುವಾರ ಬೆಳಗ್ಗೆ ನಿದ್ದೆ ಬಿಟ್ಟು ಮೆಟ್ರೋ ಹತ್ತಿ ಬಂದಿದ್ದೀರಿ, ಅದಕ್ಕೆ ಮೊದಲು ಥ್ಯಾಂಕ್ಸ್.

ಲೋಧಿ ಕಾಲೋನಿ ಅಂದ್ರೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರೋದು ಗೋಡೆಗಳ ಮೇಲಿನ ದೊಡ್ಡ ದೊಡ್ಡ ಚಿತ್ರಗಳು, ಖನ್ನಾ ಮಾರ್ಕೆಟ್. ಮಕ್ಕಳಿರೋರಿಗೆ ಪಕ್ಕದ ಲೋಧಿ ಎಸ್ಟೇಟ್‌ನ ಕನ್ನಡ ಶಾಲೆ ಗೊತ್ತು. ನಮ್ಮಂಥ ವಕೀಲರಿಗೆ ಈ ಜಾಗಕ್ಕೆ ಇನ್ನೊಂದು ಗುರುತಿದೆ: ದೆಹಲಿ ಪೊಲೀಸರ ಸ್ಪೆಷಲ್ ಸೆಲ್ ಠಾಣೆ. ಇಲ್ಲಿ ದಾಖಲಾದ ಒಂದು ಎಫ್‌ಐಆರ್‌ನಿಂದ ಇಡೀ ದೇಶದ ಬಂಧನದ ಕಾನೂನೇ ಬದಲಾಯಿತು. ಆ ಕಥೆಗೆ ಆಮೇಲೆ ಬರ್ತೀನಿ.

ನನಗೆ ರಾತ್ರಿ ಹೊತ್ತು ಬರುವ ಕನ್ನಡದ ಫೋನ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಶುರುವಾಗ್ತವೆ. "ಮೇಡಂ, ನಮ್ಮ ರೂಮ್‌ಮೇಟ್‌ನ ಪೊಲೀಸ್ನೋರು ಕರ್ಕೊಂಡು ಹೋದ್ರು. ಊರಲ್ಲಿ ಅವರ ಅಪ್ಪ ಅಮ್ಮಂಗೆ ಹೇಳಬೇಕಾ ಬೇಡ್ವಾ?" ಆಮೇಲೆ ಎರಡನೇ ಪ್ರಶ್ನೆ: "ಇದು ಯಾವಾಗ ಮುಗಿಯತ್ತೆ?" ಎರಡನೇದಕ್ಕೆ ಉತ್ತರ ಕೊಡಬೇಕಾದರೆ ಆರೋಪಕ್ಕೂ ವಿಚಾರಣೆಗೂ ನಡುವೆ ಏನೇನಾಗತ್ತೆ ಅಂತ ಗೊತ್ತಿರಬೇಕು. ಇವತ್ತಿನ ಮಾತು ಅಷ್ಟೇ.

ಯಾಕೆ ಇದು ಮುಖ್ಯ? ಎನ್‌ಸಿಆರ್‌ಬಿ ಲೆಕ್ಕದ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಜನ. ಅದರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದರೆ ಪ್ರತಿ ನಾಲ್ವರಲ್ಲಿ ಮೂವರಿಗೆ ಕೋರ್ಟು ಇನ್ನೂ ಅಪರಾಧಿ ಅಂತ ಹೇಳಿಲ್ಲ. ಅವರಲ್ಲಿ ಹಲವರು ಇರೋದು ನಾನು ಹೇಳ್ತಿರೋ ಈ ನಡುವಿನ ದಿನಗಳಲ್ಲೇ.

ಎರಡು ಮಾತು, ಎರಡು ಬಾಯಿ

ಮೊದಲು ಒಂದು ಗೊಂದಲ ಬಿಡಿಸೋಣ. ನಮ್ಮ ಟಿವಿಯವರು "ಆರೋಪ ಪಟ್ಟಿ ಸಲ್ಲಿಕೆ" ಅಂತಾರೆ, ಇನ್ನೊಂದು ದಿನ "ಆರೋಪ ನಿಗದಿ" ಅಂತಾರೆ. ಎರಡೂ ಒಂದೇ ಅಂದುಕೊಳ್ತೀವಿ. ಅಲ್ಲ. ಆರೋಪ ಪಟ್ಟಿ, ಅಂದರೆ ಚಾರ್ಜ್‌ಶೀಟ್, ಪೊಲೀಸರ ಮಾತು: ನಮ್ಮ ತನಿಖೆಯಲ್ಲಿ ಇಷ್ಟು ಸಿಕ್ಕಿದೆ, ಇಂಥವರು ಸಾಕ್ಷಿಗಳು. ಆರೋಪ ನಿಗದಿ ಕೋರ್ಟಿನ ಮಾತು: ಈ ಕಾಗದಗಳನ್ನು ನೋಡಿದೆ, ಇಂಥಿಂಥ ಕಲಂನಡಿ ವಿಚಾರಣೆ ನಡೆಸುವಷ್ಟು ಹುರುಳಿದೆ. ಸಾಕ್ಷಿಗಳು ಕಟಕಟೆಗೆ ಬರೋದು ಈ ಎರಡನೆಯದಾದ ಮೇಲೆ.

ನಮಗೆಲ್ಲ ಗೊತ್ತಿರೋ ಉದಾಹರಣೆ ತಗೊಳ್ಳಿ. ರೇಣುಕಸ್ವಾಮಿ ಕೊಲೆ ಪ್ರಕರಣದಲ್ಲಿ ನಟ ದರ್ಶನ್ ಬಂಧನವಾದದ್ದು 2024ರ ಜೂನ್ 11. ಚಾರ್ಜ್‌ಶೀಟ್ ಸಲ್ಲಿಕೆಯಾದದ್ದು ಸೆಪ್ಟೆಂಬರ್ 4, ಸುಮಾರು 4,000 ಪುಟ. ಹೈಕೋರ್ಟ್ ಜಾಮೀನು ಕೊಟ್ಟಿದ್ದು ಡಿಸೆಂಬರ್ 13. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ್ದು 2025ರ ಆಗಸ್ಟ್ 14. ಬೆಂಗಳೂರಿನ ಕೋರ್ಟು ಆರೋಪ ನಿಗದಿ ಮಾಡಿದ್ದು 2025ರ ನವೆಂಬರ್ 3. ಚಾರ್ಜ್‌ಶೀಟ್‌ಗೂ ಆರೋಪ ನಿಗದಿಗೂ ನಡುವೆ 14 ತಿಂಗಳು! ರಾಜ್ಯದ ಕ್ಯಾಮೆರಾಗಳೆಲ್ಲ ತಿರುಗಿದ್ದ ಕೇಸಿನ ಗತಿ ಇದು. ಕ್ಯಾಮೆರಾ ಇಲ್ಲದ ಕೇಸುಗಳ ಗತಿ ನೀವೇ ಯೋಚಿಸಿ. ಕೊಲೆಯಾದವರ ಮನೆಯವರೂ ಇದೇ 14 ತಿಂಗಳು ಕಾದಿದ್ದಾರೆ ಅನ್ನೋದನ್ನೂ ಮರೀಬಾರದು. ವಿಳಂಬ ಎರಡೂ ಕಡೆಯವರನ್ನು ಸುಡತ್ತೆ.

85ನೇ ದಿನ ಯಾಕೆ?

ಜೂನ್ 11ರಿಂದ ಸೆಪ್ಟೆಂಬರ್ 4ಕ್ಕೆ ಎಣಿಸಿದರೆ 85 ದಿನ. ಇದು ಆಕಸ್ಮಿಕ ಅಲ್ಲ. ಬಂಧಿಸಿದವರನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಅಲ್ಲಿಂದ ರಿಮಾಂಡ್ ಶುರು. ಗಲ್ಲು, ಜೀವಾವಧಿ, ಅಥವಾ 10 ವರ್ಷ ಮತ್ತು ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧವಾದರೆ ಚಾರ್ಜ್‌ಶೀಟ್ ಹಾಕಲು ಪೊಲೀಸರಿಗೆ 90 ದಿನ, ಉಳಿದದ್ದಕ್ಕೆ 60 ದಿನ. ಅದು ದಾಟಿದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗತ್ತೆ. ಇದಕ್ಕೆ ಡೀಫಾಲ್ಟ್ ಬೇಲ್ ಅಂತಾರೆ. ಆರೋಪ ಎಷ್ಟು ಗಂಭೀರ ಅನ್ನೋ ಚರ್ಚೆ ಅಲ್ಲಿ ಬರೋದಿಲ್ಲ. ಯುಎಪಿಎ ಥರದ ಕಾನೂನಿನಲ್ಲಿ ಮಾತ್ರ ಕೋರ್ಟು ಈ ಅವಧಿಯನ್ನು 180 ದಿನದವರೆಗೆ ವಿಸ್ತರಿಸಬಹುದು.

ಆದರೆ ಒಂದು ಮುಳ್ಳಿದೆ. ಈ ಜಾಮೀನು ತಾನಾಗೇ ಬರಲ್ಲ. ಅವಧಿ ಮುಗಿದ ಮೇಲೆ, ಚಾರ್ಜ್‌ಶೀಟ್ ಬರೋ ಮೊದಲು ಅರ್ಜಿ ಹಾಕಬೇಕು. ನೀವು ಅರ್ಜಿ ಹಾಕದೆ ಕೂತಿರುವಾಗ ಪೊಲೀಸರು ಚಾರ್ಜ್‌ಶೀಟ್ ತಂದಿಟ್ಟರೆ ಆ ಹಕ್ಕು ಹೋಯ್ತು. ಅದಕ್ಕೇ ಮೊದಲ ರಿಮಾಂಡಿನ ತಾರೀಕನ್ನು ಮೊಬೈಲ್ ಕ್ಯಾಲೆಂಡರ್‌ನಲ್ಲಿ ಹಾಕಿಡಿ. ಪ್ರಾಜೆಕ್ಟ್ ಡೆಡ್‌ಲೈನ್‌ಗೆ ರಿಮೈಂಡರ್ ಇಡೋ ನಿಮಗೆ ಇದು ಕಷ್ಟವಲ್ಲ.

ಇಲ್ಲೇ ಹುಟ್ಟಿದ ಕೇಸು

ಈಗ ಸ್ಪೆಷಲ್ ಸೆಲ್ ಕಥೆ. ನ್ಯೂಸ್‌ಕ್ಲಿಕ್ ಸುದ್ದಿತಾಣದ ಮೇಲೆ 2023ರ ಆಗಸ್ಟ್ 17ರಂದು ಇಲ್ಲಿ ಎಫ್‌ಐಆರ್ ಆಯಿತು. ಅಕ್ಟೋಬರ್ 3ರಂದು ಅದರ ಸಂಪಾದಕ ಪ್ರಬೀರ್ ಪುರಕಾಯಸ್ಥ ಅವರ ಬಂಧನ. ಮಾರನೇ ದಿನ ಬೆಳಗ್ಗೆ ಆರು ಗಂಟೆಗೂ ಮೊದಲೇ ಅವರನ್ನು ನ್ಯಾಯಾಧೀಶರ ಮನೆಗೆ ಕರ್ಕೊಂಡು ಹೋಗಿ ಏಳು ದಿನದ ಪೊಲೀಸ್ ಕಸ್ಟಡಿ ಪಡೆದರು. ಅವರು ನೇಮಿಸಿಕೊಂಡಿದ್ದ ವಕೀಲರಿಗೆ ಸುದ್ದಿ ಮುಟ್ಟಿದ್ದು ಆಮೇಲೆ.

ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಮೇ 15ರಂದು ನ್ಯಾಯಮೂರ್ತಿಗಳಾದ ಗವಾಯಿ ಮತ್ತು ಸಂದೀಪ್ ಮೆಹ್ತಾ ಹೇಳಿದ್ದು: ಬಂಧನದ ಆಧಾರಗಳನ್ನು ಬರಹದಲ್ಲಿ ಕೊಟ್ಟಿಲ್ಲ, ಆದ್ದರಿಂದ ಬಂಧನವೂ ರಿಮಾಂಡೂ ಅಸಿಂಧು. ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದಿದ್ದರಿಂದ ಬಾಂಡ್ ಪಡೆದು ಬಿಡುಗಡೆ ಮಾಡಿ ಎಂದರು. ಗಮನಿಸಿ, ಕೇಸು ಸುಳ್ಳು ಅಂತ ಕೋರ್ಟು ಹೇಳಲಿಲ್ಲ, ನಿಜ ಅಂತಲೂ ಹೇಳಲಿಲ್ಲ. ಹಿಡಿದ ರೀತಿ ತಪ್ಪು ಅಂದಿತು.

ಅಲ್ಲಿ ಒಂದು ಸೂಕ್ಷ್ಮ ಇದೆ. ಅರೆಸ್ಟ್ ಮೆಮೋದಲ್ಲಿ ಎಲ್ಲರಿಗೂ ಒಂದೇ ಥರ ಬರೆದಿರ್ತಾರೆ: ಸಾಕ್ಷ್ಯ ನಾಶ ಆಗದಿರಲಿ, ಓಡಿಹೋಗದಿರಲಿ ಅಂತ. ಅವು ಕಾರಣಗಳು. ಆಧಾರ ಅಂದರೆ ಬೇರೆ: ನೀನು, ಇಂಥ ದಿನ, ಇಂಥದ್ದು ಮಾಡಿದೆ ಅನ್ನೋದಕ್ಕೆ ನಮ್ಮ ಬಳಿ ಇಂಥದ್ದಿದೆ. ಅದು ಕೈಯಲ್ಲಿದ್ದರೆ ತಾನೇ ವಕೀಲರು ಮೊದಲ ದಿನವೇ ರಿಮಾಂಡ್ ಬೇಡ ಅಂತ ವಾದಿಸೋಕೆ ಸಾಧ್ಯ?

ಇದರ ಮುಂದಿನ ತಿರುವು ನಮ್ಮ ಕರ್ನಾಟಕದ್ದೇ. ದರ್ಶನ್ ಕೇಸಲ್ಲೂ ಈ ಬರಹದ ವಾದ ಬಂತು. ಆಧಾರ ಲಿಖಿತವಾಗಿ ಕೊಡಲಿಲ್ಲ ಅನ್ನೋದರಿಂದ ನಿಜವಾದ ತೊಂದರೆ ಏನಾಯ್ತು ಅಂತ ತೋರಿಸದಿದ್ದರೆ ಅದೊಂದೇ ಜಾಮೀನಿಗೆ ಸಾಲದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಮತ್ತೆ 2025ರ ನವೆಂಬರ್ 6ರಂದು, ಮಹಾರಾಷ್ಟ್ರದ ಮಿಹಿರ್ ಶಾ ಪ್ರಕರಣದಲ್ಲಿ, ನಿಯಮ ಸ್ಪಷ್ಟವಾಯಿತು: ಯಾವುದೇ ಅಪರಾಧವಿರಲಿ, ಆಧಾರಗಳನ್ನು ಬರಹದಲ್ಲಿ, ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ತಕ್ಷಣ ಆಗದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡಿಗೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲು ಲಿಖಿತವಾಗಿ ಕೊಡಲೇಬೇಕು.

ಅರ್ಥವಾಗುವ ಭಾಷೆ! ಆಟೋದವನ ಹತ್ತಿರ ಜಗಳ ಆಡೋಷ್ಟು ಹಿಂದಿ ನಮಗೆಲ್ಲ ಬರತ್ತೆ. ಠಾಣೆಯ ಹಿಂದಿ ಬೇರೆ. ಓದಲಾಗದ ಕಾಗದಕ್ಕೆ "ಓದಿ ತಿಳಿದಿದ್ದೇನೆ" ಅಂತ ಸಹಿ ಹಾಕಬೇಡಿ. ನನಗೆ ಈ ಭಾಷೆ ಓದೋಕೆ ಬರಲ್ಲ ಅಂತ ಕನ್ನಡದಲ್ಲೋ ಇಂಗ್ಲಿಷಲ್ಲೋ ಅಲ್ಲೇ ಬರೆದು ಸಹಿ ಮಾಡಿ.

ಚಾರ್ಜ್‌ಶೀಟ್ ಆದಮೇಲೆ

2024ರ ಜುಲೈ 1ರಿಂದ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದು ಈ ನಡುವಿನ ಹಾದಿಗೆ ಮೈಲಿಗಲ್ಲು ನೆಟ್ಟಿದೆ. ಆರೋಪಿ ಹಾಜರಾದ 14 ದಿನದೊಳಗೆ ಚಾರ್ಜ್‌ಶೀಟಿನ ಪ್ರತಿ, ಸಾಕ್ಷಿಗಳ ಹೇಳಿಕೆ ಎಲ್ಲ ಕೊಡಬೇಕು. ದೊಡ್ಡ ಅಪರಾಧವಾದರೆ ಮ್ಯಾಜಿಸ್ಟ್ರೇಟ್ ಕೇಸನ್ನು ಸೆಷನ್ಸ್ ಕೋರ್ಟಿಗೆ 90 ದಿನದಲ್ಲಿ ಒಪ್ಪಿಸಬೇಕು, ಕಾರಣ ಬರೆದು 180ರವರೆಗೆ ವಿಸ್ತರಿಸಬಹುದು. ಅಲ್ಲಿಂದ 60 ದಿನದಲ್ಲಿ ಆರೋಪಿ "ನನ್ನ ಮೇಲೆ ವಿಚಾರಣೆ ನಡೆಸುವಷ್ಟೂ ಇಲ್ಲಿ ಏನಿಲ್ಲ, ಕೈಬಿಡಿ" ಅಂತ ಅರ್ಜಿ ಹಾಕಬಹುದು. ಇದಕ್ಕೆ ಡಿಸ್‌ಚಾರ್ಜ್ ಅಂತಾರೆ. ಖುಲಾಸೆ ಬೇರೆ, ಅದು ವಿಚಾರಣೆ ಮುಗಿದ ಮೇಲಿನದು. ಆರೋಪದ ಕುರಿತ ಮೊದಲ ವಾಯಿದೆಯಿಂದ 60 ದಿನದಲ್ಲಿ ಆರೋಪ ನಿಗದಿ ಆಗಬೇಕು. ಓದಿ ಹೇಳ್ತಾರೆ, ಒಪ್ತೀಯಾ ಅಂತ ಕೇಳ್ತಾರೆ. ಇಲ್ಲ ಅಂದರೆ ವಿಚಾರಣೆ.

ಕಾಗದದ ಮೇಲೆ ಇಷ್ಟು. ಗಡುವು ಮೀರಿತು ಅಂತ ಇಲ್ಲಿ ಯಾರೂ ತಾನಾಗೇ ಬಿಡುಗಡೆ ಆಗಲ್ಲ. ಆದರೆ ಬಿಗಿಯಾದ ಇನ್ನೊಂದು ಕಲಂ ಇದೆ, 479. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗೇ ಕಳೆದವರನ್ನು, ಹಿಂದೆ ಯಾವ ಅಪರಾಧದಲ್ಲೂ ದೋಷಿ ಅಂತ ತೀರ್ಪಾಗದವರಾದರೆ ಮೂರನೇ ಒಂದು ಭಾಗ ಕಳೆದವರನ್ನು, ಬಿಡುಗಡೆಗೆ ಪರಿಗಣಿಸಬೇಕು. ಗಲ್ಲು, ಜೀವಾವಧಿ ಅಪರಾಧಗಳಿಗೆ ಇದಿಲ್ಲ. ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದವರಿಗೂ ಇಲ್ಲ.

ಶ್ಯೂರಿಟಿ ಯಾರು ಕೊಡ್ತಾರೆ?

ಜಾಮೀನು ಸಿಕ್ಕಿತು ಅಂತಿಟ್ಟುಕೊಳ್ಳಿ. ಈಗ ವಲಸೆ ಬಂದವರ ನಿಜವಾದ ಕಷ್ಟ ಶುರು. "ಲೋಕಲ್ ಶ್ಯೂರಿಟಿ ತನ್ನಿ." ಹಾವೇರಿಯ ಹುಡುಗ, ನೋಯ್ಡಾದಲ್ಲಿ ಬಾಡಿಗೆ ರೂಮು. ಆಸ್ತಿ ಪತ್ರ ಹಿಡಿದು ಬಂದು ನಿಲ್ಲೋರು ಯಾರು?

ಈ ಪ್ರಶ್ನೆ 1978ರಲ್ಲೇ ಬಂದಿತ್ತು. ಮಧ್ಯಪ್ರದೇಶದ ಮೋತಿರಾಮ್ ಅನ್ನೋ ಗಾರೆ ಕೆಲಸದವರಿಗೆ 10,000 ರೂಪಾಯಿ ಶ್ಯೂರಿಟಿ ಕೇಳಿದರು. ಸಹೋದರನ ಆಸ್ತಿ ಬೇರೆ ಜಿಲ್ಲೆಯದು ಅಂತ ಅದನ್ನೂ ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತಮ್ಮ ತೀರ್ಪಿನಲ್ಲಿ ಕೇಳಿದ ಪ್ರಶ್ನೆಯ ಸಾರ ಇದು: ಒಬ್ಬ ಮಲಯಾಳಿಯೋ ಕನ್ನಡಿಗನೋ ಚಾಂದನಿ ಚೌಕದಲ್ಲಿ ಬಂಧನವಾದರೆ ಅಲ್ಲಿ ಆಸ್ತಿ ಇರೋ ಶ್ಯೂರಿಟಿಯನ್ನ ಎಲ್ಲಿಂದ ತರಬೇಕು? ಹೌದು, ಕನ್ನಡಿಗ ಅಂತಲೇ ಹೆಸರು ಹಿಡಿದು ಬರೆದಿದ್ದಾರೆ. 2023ರ ಜನವರಿ 31ರ ಆದೇಶದಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ: ಬಿಡುಗಡೆ ತಡವಾಗೋಕೆ ಸ್ಥಳೀಯ ಶ್ಯೂರಿಟಿಯ ಒತ್ತಾಯವೂ ಕಾರಣ, ಅಂಥ ಕಡೆ ಆ ಷರತ್ತು ಬೇಡ. ನಿಮ್ಮ ವಕೀಲರು ಈ ಎರಡನ್ನೂ ಕೋರ್ಟಿಗೆ ತೋರಿಸಲಿ.

ಕೆಲಸ, ಪಾಸ್‌ಪೋರ್ಟ್

ಕೊನೆಗೆ ನೀವೆಲ್ಲ ಮೆಲ್ಲಗೆ ಕೇಳೋ ಪ್ರಶ್ನೆ: ಆನ್‌ಸೈಟ್ ಹೋಗೋಕಾಗತ್ತಾ? ಬರೀ ಎಫ್‌ಐಆರ್ ಇದ್ದರೆ ಅದು ಕೋರ್ಟಿನಲ್ಲಿ ಬಾಕಿ ಇರೋ ಮೊಕದ್ದಮೆ ಅಲ್ಲ. ಚಾರ್ಜ್‌ಶೀಟನ್ನು ಕೋರ್ಟು ಪರಿಗಣನೆಗೆ ತಗೊಂಡ ಮೇಲೆ ಅದು ಮೊಕದ್ದಮೆ, ಆಗ ಪಾಸ್‌ಪೋರ್ಟ್ ನಿರಾಕರಿಸಬಹುದು. ಆದರೆ 1993ರ ಅಧಿಸೂಚನೆಯ ಪ್ರಕಾರ ಅದೇ ಕೋರ್ಟಿನ ಅನುಮತಿ ತಂದರೆ ಕೊಡ್ತಾರೆ. ಕೋರ್ಟು ಅವಧಿ ಹೇಳದಿದ್ದರೆ ಒಂದು ವರ್ಷಕ್ಕೆ. ಅನುಮತಿ ಕೇಳಿ ಹೋಗಿ. ಅರ್ಜಿಯಲ್ಲಿ ಕೇಸು ಮುಚ್ಚಿಟ್ಟರೆ ಅದು ಇನ್ನೊಂದು ಕೇಸು.

ಮೂರು ಮಾತು ಹೇಳಿ ಮುಗಿಸ್ತೀನಿ. ಒಂದು, ಕಸ್ಟಡಿಯಲ್ಲಿರೋ ಯಾರಿಗೇ ಆಗಲಿ, ಸಂಬಳ ಎಷ್ಟೇ ಇರಲಿ, ಉಚಿತ ವಕೀಲರ ಹಕ್ಕಿದೆ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಎರಡು, ನೋಯ್ಡಾ ಉತ್ತರ ಪ್ರದೇಶ, ಗುರುಗ್ರಾಮ ಹರಿಯಾಣ, ಇದು ದೆಹಲಿ. ಫೋನ್ ಮಾಡಿದ ತಕ್ಷಣ ಯಾವ ರಾಜ್ಯದ ಪೊಲೀಸ್, ಯಾವ ಠಾಣೆ ಅಂತ ಮೊದಲು ಹೇಳಿ. ಮೂರು, ಊರಿನ ಅಪ್ಪ ಅಮ್ಮಂಗೆ ಹೇಳಿ. ಟಿವಿಯಲ್ಲಿ ನೋಡಿ ತಿಳಿಯೋದಕ್ಕಿಂತ ನಿಮ್ಮ ಬಾಯಲ್ಲಿ ಕೇಳಲಿ. ಹೇಳುವಾಗ ಒಂದು ಪದ ಸರಿಯಾಗಿ ಬಳಸಿ: ಅವನು ಆರೋಪಿ, ಅಪರಾಧಿ ಅಲ್ಲ. ಈ ಎರಡು ಪದಗಳ ನಡುವಿನ ದೂರ ಎಷ್ಟು ಅಂತಲೇ ನಾನು ಇಷ್ಟು ಹೊತ್ತು ಹೇಳಿದ್ದು.

ಪ್ರಶ್ನೆಗಳಿದ್ದರೆ ಕೇಳಿ.