ಶ್ರವಣದ ಆಕಾರ

(ಆಕಾಶವಾಣಿಯ ಕೃಪೆಯಿಂದ)

ಕಾರವಾರದಿಂದ ಕಾಳಿ ನದಿಯ ದಂಡೆಗುಂಟ ಒಳನಾಡಿಗೆ ಸರಿದರೆ ಕದ್ವಾಡ ಸಿಗುತ್ತದೆ. ನಾನು ಅಲ್ಲಿ ಮಾಸ್ತರನಾಗಿದ್ದ ಕಾಲದ ಮಾತಿದು. ದೀಪಾವಳಿಗೆ ಎರಡು ದಿನ ಉಳಿದಿದ್ದ ಒಂದು ಸಂಜೆ ದೋಣಿಯಲ್ಲಿ ಹೊಳೆ ದಾಟುತ್ತಿದ್ದೆ. ದೋಣಿ ನಡೆಸುತ್ತಿದ್ದವನ ಮಗ ನನ್ನ ವಿದ್ಯಾರ್ಥಿ. ಮೂರು ಚುಕ್ಕೆಗಳ ಸಾಲಿನ ನಡುವೆ ಹೊಳೆಯುತ್ತಿದ್ದ ಶ್ರವಣ ನಕ್ಷತ್ರವನ್ನು ಅವನಿಗೆ ತೋರಿಸಿದೆ.

“ಅದೂ ಸೂರ್ಯನ ಹಾಗೆ ದುಂಡಗಿದೆಯೇ, ಮಾಸ್ತರರೇ?” ಎಂದು ಹುಡುಗ ಕೇಳಿದ.

“ನಮ್ಮ ಪಾಲಿಗೆ ನಕ್ಷತ್ರವೆಂದರೆ ಚುಕ್ಕೆ. ಅದರ ಆಕಾರ ಯಾರಿಗೂ ಎಂದೆಂದಿಗೂ ತಿಳಿಯದು. ತಿಳಿಯದ್ದನ್ನು ಕೇಳಬಾರದು” ಎಂದು ಅವನ ಬಾಯಿ ಮುಚ್ಚಿಸಿದೆ.

ಆ ಉತ್ತರ ತಪ್ಪಾಗಿತ್ತು. ಅದನ್ನು ತಿದ್ದಿಕೊಳ್ಳುವುದಕ್ಕಾಗಿ ಇಂದು ಈ ಮಾತುಗಳನ್ನಾಡುತ್ತಿದ್ದೇನೆ.

ನಾನು ಜನಿಸುವ ಮೊದಲೇ, ೧೯೨೦ರಲ್ಲಿ, ಮೈಕೆಲ್ಸನ್ ಮತ್ತು ಪೀಸ್ ಎಂಬ ವಿಜ್ಞಾನಿಗಳು ಅಮೆರಿಕದ ಮೌಂಟ್ ವಿಲ್ಸನ್ ಮೇಲಿನಿಂದ ಆರ್ದ್ರಾ ನಕ್ಷತ್ರದ ವ್ಯಾಸವನ್ನು ಅಳೆದಿದ್ದರು. ಅವರ ಉಪಾಯದ ಗುಟ್ಟು ಆ ಸಂಜೆ ನಮ್ಮ ದೋಣಿಯ ಹಿಂದೆಯೇ ತೇಲುತ್ತಿತ್ತು. ಎಡಬಲದ ಹುಟ್ಟುಗಳಿಂದೆದ್ದ ಅಲೆಗಳು ಸಂಧಿಸಿದಾಗ, ಉಬ್ಬಿಗೆ ಉಬ್ಬು ಕೂಡಿದಲ್ಲಿ ನೀರು ಏರುತ್ತದೆ. ಉಬ್ಬಿಗೆ ತಗ್ಗು ಕೂಡಿದಲ್ಲಿ ಶಾಂತವಾಗುತ್ತದೆ. ಬೆಳಕೂ ಅಲೆಯೇ. ಒಂದೇ ನಕ್ಷತ್ರದ ಬೆಳಕನ್ನು ಎರಡು ಕನ್ನಡಿಗಳಲ್ಲಿ ಹಿಡಿದು ಒಂದೆಡೆ ಕೂಡಿಸಿದರೆ ಬೆಳಕು ಕತ್ತಲೆಗಳ ಪಟ್ಟೆಗಳು ಮೂಡುತ್ತವೆ. ನಕ್ಷತ್ರ ನಿಜವಾಗಿಯೂ ಚುಕ್ಕೆಯಾಗಿದ್ದರೆ ಕನ್ನಡಿಗಳನ್ನು ಎಷ್ಟು ದೂರ ಸರಿಸಿದರೂ ಪಟ್ಟೆಗಳು ಸ್ಪಷ್ಟವಾಗಿಯೇ ಇರಬೇಕು. ಅದು ಬಿಲ್ಲೆಯಾಗಿದ್ದರೆ, ಅದರ ಒಂದೊಂದು ಭಾಗವೂ ತನ್ನ ಪಟ್ಟೆಗಳನ್ನು ತುಸು ಬೇರೆ ಜಾಗದಲ್ಲಿ ಮೂಡಿಸುತ್ತದೆ. ಕನ್ನಡಿಗಳು ದೂರವಾದಂತೆ ಅವೆಲ್ಲ ಒಂದರೊಳಗೊಂದು ಬೆರೆತು ಮಸಕಾಗುತ್ತವೆ. ಎಷ್ಟು ಅಂತರದಲ್ಲಿ ಎಷ್ಟು ಮಸಕಾದವೆಂಬುದರಿಂದ ಬಿಲ್ಲೆಯ ಅಗಲವನ್ನು ಲೆಕ್ಕ ಹಾಕಬಹುದು. ಇದನ್ನು ಮಾಡುವ ಯಂತ್ರವೇ ಇಂಟರ್‌ಫೆರೋಮೀಟರ್.

ಆದರೆ ವಾಯುಮಂಡಲದ ತಳಮಳ ಬೆಳಕಿನ ಅಲೆಗಳ ಹೆಜ್ಜೆಯನ್ನು ಕೆಡಿಸುತ್ತದೆ. ಕೆಂಪಿನಾಚೆಯ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ಅಲೆಗಳು ಹೆಚ್ಚು ಉದ್ದವಾದ್ದರಿಂದ ಅವಕ್ಕೆ ಈ ಬಾಧೆ ಕಡಿಮೆ. ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದಲ್ಲಿ ೧೯೯೫ರಿಂದ ೨೦೦೮ರ ವರೆಗೆ ಅಂಥ ಒಂದು ಅವಕೆಂಪು ಇಂಟರ್‌ಫೆರೋಮೀಟರ್ ಕೆಲಸ ಮಾಡಿತು. ಅದರ ಕನ್ನಡಿಗಳ ನಡುವಿನ ಅತಿ ಹೆಚ್ಚಿನ ಅಂತರ ೧೧೦ ಮೀಟರು. ಅದನ್ನು ಕಟ್ಟಿದ ತಂಡದಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿಯವರೂ ಇದ್ದರೆಂಬುದು ನಮಗೆ ಸಂತೋಷದ ಸಂಗತಿ.

ಆ ಯಂತ್ರ ನೋಡಿದ ನಕ್ಷತ್ರಗಳಲ್ಲಿ ಶ್ರವಣವೂ ಒಂದು. ಸುಮಾರು ೧೭ ಜ್ಯೋತಿರ್ವರ್ಷ ದೂರದ ಅದರ ಬಿಲ್ಲೆಯನ್ನು ಗುರುತಿಸುವುದೆಂದರೆ, ಒಂದು ರೂಪಾಯಿಯ ನಾಣ್ಯವನ್ನು ಸುಮಾರು ೧೫೦೦ ಕಿಲೋಮೀಟರ್ ಆಚೆಯಿಂದ ಗುರುತಿಸಿದಂತೆ. ೨೦೦೧ರಲ್ಲಿ ಫಲಿತಾಂಶ ಪ್ರಕಟವಾಯಿತು: ಶ್ರವಣ ದುಂಡಗಿಲ್ಲ! ಅದರ ಒಂದು ಕಡೆಯ ಅಗಲ ಇನ್ನೊಂದು ಕಡೆಗಿಂತ ಸುಮಾರು ೧೪ ಪ್ರತಿಶತ ಹೆಚ್ಚು. ನಮ್ಮ ಸೂರ್ಯ ಒಂದು ಸುತ್ತು ತಿರುಗಲು ಸುಮಾರು ೨೫ ದಿನ ತೆಗೆದುಕೊಂಡರೆ ಶ್ರವಣಕ್ಕೆ ೧೦ ಗಂಟೆಯೂ ಬೇಡ. ಆ ವೇಗಕ್ಕೆ ಅದರ ನಡು ಉಬ್ಬಿದೆ. ೨೦೦೭ರಲ್ಲಿ, ಮೈಕೆಲ್ಸನ್ ದುಡಿದ ಅದೇ ಮೌಂಟ್ ವಿಲ್ಸನ್ ಮೇಲಿನ ‘ಚಾರಾ’ ಎಂಬ ಅವಕೆಂಪು ಇಂಟರ್‌ಫೆರೋಮೀಟರ್ ಶ್ರವಣದ ಚಿತ್ರವನ್ನೇ ಒದಗಿಸಿತು. ಅದರಲ್ಲಿ ಧ್ರುವದ ಕಡೆ ಉಜ್ವಲ, ನಡು ಮಸಕು. ಉಬ್ಬಿದ ನಡುವಿನಲ್ಲಿ ಗುರುತ್ವ ಕಡಿಮೆ, ಆದ್ದರಿಂದ ಶಾಖವೂ ಕಡಿಮೆ.

ಇದನ್ನೆಲ್ಲ ಓದಿದ ದಿನ ನನಗೆ ಆ ದೋಣಿ ನೆನಪಾಯಿತು. ತಿಳಿಯದಿದ್ದುದು ನನಗೆ, ಜಗತ್ತಿಗೇ ತಿಳಿಯದೆಂದು ಹೇಳಿಬಿಟ್ಟಿದ್ದೆ. ಆ ಹುಡುಗ ಆಮೇಲೆ ತರಗತಿಯಲ್ಲಿ ಪ್ರಶ್ನೆ ಕೇಳಿದ ನೆನಪು ನನಗಿಲ್ಲ. ಈಗ ಅವನು ಎಲ್ಲಿದ್ದಾನೋ. ಅವನ ತಲೆಯೂ ನರೆತಿರಬೇಕು. ಎಲ್ಲಿಂದಲಾದರೂ ಈ ಮಾತನ್ನು ಕೇಳುತ್ತಿದ್ದರೆ ಅವನಿಗೆ ನನ್ನ ಉತ್ತರವಿಷ್ಟು: ಇಲ್ಲಪ್ಪಾ, ಶ್ರವಣ ಸೂರ್ಯನ ಹಾಗೆ ದುಂಡಗಿಲ್ಲ, ನಡು ಉಬ್ಬಿದೆ. ನಿನ್ನ ಪ್ರಶ್ನೆ ಸರಿಯಾಗಿಯೇ ಇತ್ತು.